ಮಾನಸಗಂಗೋತ್ರಿಯ ನೊಣಗಳು: ಒಂದು ಕುಲ, ಹಲವು ಗಡಿಗಳು

ಮಾಗಿದ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳಿಗೆ ಸ್ವೀಡನ್ನಿನ ಫಾಲೆನ್ 1823ರಲ್ಲಿ ಡ್ರಾಸೊಫಿಲ ಎಂಬ ಕುಲನಾಮ ಕೊಟ್ಟರು. ಇಂದು ಆ ಕುಲದಲ್ಲಿ 1,500ಕ್ಕೂ ಹೆಚ್ಚು ಪ್ರಭೇದಗಳಿವೆ. ಜಗತ್ತಿನ ಬಹುಪಾಲು ಪ್ರಯೋಗಾಲಯಗಳು ಅದರಲ್ಲಿ ಮೆಲನೊಗ್ಯಾಸ್ಟರ್ ಒಂದನ್ನೇ ನೆಚ್ಚಿಕೊಂಡವು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ಬೇರೆ ಪ್ರಶ್ನೆಯನ್ನೂ ಎತ್ತಿಕೊಂಡಿತು: ನಮ್ಮ ಬೆಟ್ಟ, ತೋಟ, ಕಾಡುಗಳಲ್ಲಿ ಯಾವ ಯಾವ ಪ್ರಭೇದಗಳಿವೆ? ಒಂದು ಮುಗಿದು ಇನ್ನೊಂದು ಶುರುವಾಗುವುದು ಎಲ್ಲಿ? ಅರ್ಧ ಶತಮಾನ ದಾಟಿದ ಈ ಕೆಲಸದ ಬಗ್ಗೆ ಕನ್ನಡದಲ್ಲಿ ಇನ್ನೂ ಹೆಚ್ಚು ಬರೆಯಬೇಕಿತ್ತು ಎಂದು ನನಗೆ ಅನ್ನಿಸುತ್ತಲೇ ಇದೆ.

ಮೊದಲ ಘಟ್ಟ ಕಣ್ಣಿನದು. ತಲೆ ಮತ್ತು ಎದೆಯ ಮೇಲಿನ ಬಿರುಗೂದಲು, ರೆಕ್ಕೆಯ ನರ, ಗಂಡಿನ ಮುಂಗಾಲಿನ ಮುಳ್ಳುಸಾಲು, ಜನನಾಂಗದ ಆಕಾರ: ಸೂಕ್ಷ್ಮದರ್ಶಕದಡಿ ಇವನ್ನು ಹೋಲಿಸಿಯೇ ಪ್ರಭೇದ ಗುರುತಿಸಬೇಕಿತ್ತು. ಅಮೆರಿಕದಲ್ಲಿ ಸ್ಟರ್ಟವಂಟ್ 1921ರಲ್ಲಿ ಉತ್ತರ ಅಮೆರಿಕದ ಪ್ರಭೇದಗಳ ದೊಡ್ಡ ಗ್ರಂಥ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ 1960ರ ದಶಕದಲ್ಲಿ ಪ್ರೊ. ಎಂ.ಆರ್. ರಾಜಶೇಖರಶೆಟ್ಟಿ ಅವರ ನೆರಳಲ್ಲಿ ಈ ವಿದ್ಯೆ ಬೇರೂರಿತು. ಜಿ. ಶ್ರೀರಾಮರೆಡ್ಡಿ ಮತ್ತು ಎನ್.ಬಿ. ಕೃಷ್ಣಮೂರ್ತಿ 1968ರಲ್ಲಿ ಒಂದು ಪ್ರಭೇದಕ್ಕೆ ರಾಜಶೇಖರಶೆಟ್ಟಿ ಅವರ ಹೆಸರಿನಿಂದಲೇ ಡ್ರಾಸೊಫಿಲ ರಾಜಶೇಖರಿ ಎಂದು ಹೆಸರಿಟ್ಟರು. 1970ರಲ್ಲಿ ಮೈಸೊರೆನ್ಸಿಸ್ ಬಂತು, 1978ರಲ್ಲಿ ಆಗುಂಬೆಯ ಹೆಸರು ಹೊತ್ತ ಅಗುಂಬೆನ್ಸಿಸ್.

ರಾಜಶೇಖರಿ ಎಂಬ ಹೆಸರು ನಿಲ್ಲಲಿಲ್ಲ. 1924ರಲ್ಲಿ ಮ್ಯಾಲಕ್ ಎಂಬ ತಜ್ಞರು ಕೊಯಮತ್ತೂರಿನ ನೊಣವೊಂದನ್ನು ಬಯಾರ್ಮಿಪೆಸ್ ಎಂದು ಕರೆದಿದ್ದರು. ಗಂಡಿನ ರೆಕ್ಕೆಯ ತುದಿಯಲ್ಲಿ ಕಪ್ಪು ಚುಕ್ಕೆ ಇರುವ ಆ ನೊಣವೂ ಇದೂ ಒಂದೇ ಎಂದು ಆಮೇಲೆ ತೀರ್ಮಾನವಾಯಿತು. ಹಳೆಯ ಹೆಸರಿಗೇ ಹಕ್ಕು ಎಂಬುದು ವರ್ಗೀಕರಣದ ನಿಯಮ. ಹೆಸರು ಹೋದರೂ ಆ ಕೆಲಸ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಅಂದಿನ ವಿವರಣೆಗಳಿಂದಲೇ ಆ ನೊಣ ದಕ್ಷಿಣ ಭಾರತದಲ್ಲಿ ಎಲ್ಲೆಲ್ಲಿದೆ ಎಂಬುದು ತಿಳಿಯುತ್ತಾ ಬಂತು.

ಮೈಸೂರಿನ ನಿಜವಾದ ಹೆಗ್ಗಳಿಕೆ ಎರಡನೆಯ ಘಟ್ಟದಲ್ಲಿದೆ. ಇಲ್ಲಿ ಕಣ್ಣಿಗಿಂತ ವರ್ಣತಂತುಗಳಿಗೆ ಹೆಚ್ಚು ಬೆಲೆ ಬಂತು. ನಸೂಟ ಎಂಬ ಪ್ರಭೇದವನ್ನು ಲ್ಯಾಂಬ್ 1914ರಲ್ಲಿ ಸೇಶೆಲ್ಸ್ ದ್ವೀಪಗಳಿಂದ ವಿವರಿಸಿದ್ದರು. ಪೂರ್ವ ಆಫ್ರಿಕಾದಿಂದ ನಮ್ಮವರೆಗೂ ಅದು ಹರಡಿದೆ. ಪೂರ್ವಕ್ಕೆ, ಥಾಯ್ಲೆಂಡ್‌ನಿಂದ ತೈವಾನ್, ಜಪಾನ್ ಕಡೆಗೆ ಅಲ್ಬೊಮೈಕನ್ಸ್ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಆದರೆ ನಸೂಟಕ್ಕೆ ಎಂಟು ವರ್ಣತಂತುಗಳು, ಅಲ್ಬೊಮೈಕನ್ಸ್‌ಗೆ ಆರು. ಎರಡನೆಯದರಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುಗಳಾದ ಎಕ್ಸ್ ಮತ್ತು ವೈ ಜೊತೆ ಬೆಸೆದುಕೊಂಡಿದೆ. ಇಷ್ಟು ದೊಡ್ಡ ಬದಲಾವಣೆ ಆಗಿದ್ದರೆ ಸಂಕರ ಸಂತಾನ ಬಂಜೆಯಾಗಬೇಕೆಂದು ಯಾರಾದರೂ ಊಹಿಸುತ್ತಾರೆ. ಆಗುವುದಿಲ್ಲ. ಎರಡನ್ನೂ ಒಂದೇ ಸೀಸೆಯಲ್ಲಿ ಬಿಟ್ಟರೆ ಕೂಡುತ್ತವೆ, ಮರಿಗಳು ಮತ್ತೆ ಮರಿ ಹಾಕುತ್ತವೆ.

ಹಾಗಾದರೆ ಇವು ಎರಡು ಪ್ರಭೇದಗಳೋ, ಒಂದರ ಎರಡು ತಳಿಗಳೋ? 1972ರಲ್ಲಿಯೇ ಮೈಸೂರಿನವರು ಅಲ್ಬೊಮೈಕನ್ಸ್ ನಸೂಟದ್ದೇ ಒಂದು ತಳಿ ಎಂದು ಬರೆದರು. ಹೊರಗಿನ ಹಲವರು ಇಂದಿಗೂ ಬೇರೆ ಪ್ರಭೇದ ಎಂದೇ ಬರೆಯುತ್ತಾರೆ. ವಾದವನ್ನು ಅಲ್ಲಿಗೇ ಬಿಡದೆ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಸಂಕರ ನೊಣಗಳನ್ನು ಪೀಳಿಗೆಯಿಂದ ಪೀಳಿಗೆಗೆ ಸಾಕುತ್ತಾ ಹೋದರು. ವರ್ಣತಂತುಗಳು ಕಲಸಿ, ಕೆಲವು ಉಳಿದು, ಕೆಲವು ಕಳಚಿ, ಕೊನೆಗೆ ಹೆತ್ತ ಎರಡೂ ತಳಿಗಳಿಗಿಂತ ಬೇರೆಯಾದ ಸ್ಥಿರ ಜೋಡಣೆಗಳು ಮೂಡಿದವು. 1986ರಲ್ಲಿ ಕ್ರೊಮೊಸೋಮಾ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂಥ ಹೊಸ ತಳಿಗಳನ್ನು ಅವರು ಸೈಟೊರೇಸ್ ಎಂದು ಕರೆದರು. ಮುಂದೆ ಅವುಗಳ ಸಂಖ್ಯೆ ಹತ್ತನ್ನು ಮೀರಿತು. ಪ್ರಭೇದಗಳು ಹುಟ್ಟಲು ಲಕ್ಷಾಂತರ ವರ್ಷ ಬೇಕೆಂದು ಓದಿ ಬೆಳೆದ ನಮಗೆ, ಆ ದಾರಿಯ ಮೊದಲ ಹೆಜ್ಜೆಗಳು ಗೋಧಿ ರವೆ, ಬೆಲ್ಲ, ಅಗಾರ್ ಕುದಿಸಿ ಹೊಯ್ದ ಸೀಸೆಗಳಲ್ಲಿ ಕಂಡವು. ವಿಕಾಸವನ್ನು ಹೀಗೆ ಕಣ್ಣೆದುರು ಹಿಡಿದು ಅಳೆದ ಕೆಲಸಗಳು ಲೋಕದಲ್ಲೇ ಕಡಿಮೆ.

ಇದರ ಬೆಲೆ ತಿಳಿಯಲು ಆಳಸಮುದ್ರದ ಬಿರುಗೂದಲ ಹುಳುಗಳತ್ತ ಒಮ್ಮೆ ನೋಡಬೇಕು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಸುಮಾರು 2,890 ಮೀಟರ್ ಆಳದಲ್ಲಿ ಬಿದ್ದಿದ್ದ ತಿಮಿಂಗಿಲದ ಮೂಳೆಗಳಲ್ಲಿ ಸಿಕ್ಕ ಒಸೆಡಾಕ್ಸ್ ಎಂಬ ಕುಲವನ್ನು 2004ರಲ್ಲಿ ವಿವರಿಸಲಾಯಿತು. ಅದರ ಗಂಡುಗಳು ತೀರ ಕುಬ್ಜ, ಹೆಣ್ಣಿನ ನಳಿಕೆಯೊಳಗೇ ಬದುಕುತ್ತವೆ. ಅಂಥ ಜೀವಿಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರೊಡನೆ ಕೂಡಿಸಿ ಹತ್ತಾರು ಪೀಳಿಗೆ ನೋಡುವುದು ಸುಲಭದ ಮಾತಲ್ಲ. ಅಲ್ಲಿ ಗಡಿ ಎಳೆಯಲು ದೇಹರಚನೆ ಮತ್ತು ಡಿಎನ್‌ಎ ಎರಡನ್ನೇ ನಂಬಬೇಕು. ಮೈಸೂರಿಗೆ ನೊಣಗಳನ್ನೇ ಕೇಳುವ ಅವಕಾಶವಿತ್ತು.

ಮೂರನೆಯ ಘಟ್ಟ ಡಿಎನ್‌ಎಯದು, ಅದು ಕುಲದ ಬುಡವನ್ನೇ ಅಲ್ಲಾಡಿಸಿತು. ಡ್ರಾಸೊಫಿಲ ಎಂಬುದು ಒಂದೇ ವಂಶವೃಕ್ಷದ ಪೂರ್ಣ ಕೊಂಬೆಯಲ್ಲ, ಬೇರೆ ಹೆಸರಿನ ಕುಲಗಳು ಅದರ ನಡುವೆಯೇ ಕೂತಿವೆ ಎಂದು ಸ್ಪಷ್ಟವಾಯಿತು. ಕುಲವನ್ನು ಒಡೆದರೆ ಮೆಲನೊಗ್ಯಾಸ್ಟರ್ ಸೊಫೊಫೊರ ಎಂಬ ಕುಲಕ್ಕೆ ಹೋಗುತ್ತದೆ. ಅದಾಗದಂತೆ ಮೆಲನೊಗ್ಯಾಸ್ಟರನ್ನೇ ಕುಲದ ಮಾದರಿ ಪ್ರಭೇದವಾಗಿ ಮಾಡಬೇಕೆಂಬ ಅರ್ಜಿಯನ್ನು ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ 2010ರಲ್ಲಿ ತಳ್ಳಿಹಾಕಿತು. ಅಲ್ಬೊಮೈಕನ್ಸ್‌ನ ಜೀನೋಮ್ 2012ರಲ್ಲಿ ಹೊರಬಂದು, ಲಿಂಗ ವರ್ಣತಂತುಗಳು ಹೇಗೆ ಹೊಸದಾಗಿ ರೂಪುಗೊಳ್ಳುತ್ತವೆ ಎಂಬ ಅಧ್ಯಯನಕ್ಕೆ ಆ ನೊಣ ಹೆಸರಾಯಿತು.

ಹಳೆಯ ಕಣ್ಣಿನ ವಿದ್ಯೆಯೂ ನಿಂತಿಲ್ಲ. ಚಾಮುಂಡಿ ಬೆಟ್ಟದ ನಾಲ್ಕು ಎತ್ತರಗಳಲ್ಲಿ, 680ರಿಂದ 980 ಮೀಟರ್‌ವರೆಗೆ, ಕಿವುಚಿದ ಬಾಳೆಹಣ್ಣಿಗೆ ಯೀಸ್ಟ್ ಚಿಮುಕಿಸಿದ ಸೀಸೆಗಳನ್ನಿಟ್ಟು 20 ಪ್ರಭೇದಗಳ ಏರಿಳಿತ ದಾಖಲಿಸಿದ ಸಮೀಕ್ಷೆ 2010ರಲ್ಲಿ ಪ್ರಕಟವಾಯಿತು. ಹಿಡಿದ ನೊಣ ಯಾವುದೆಂದು ಹೇಳಬಲ್ಲವರು ಇರದಿದ್ದರೆ ಆ ಎಣಿಕೆಯೇ ಆಗುತ್ತಿರಲಿಲ್ಲ.

ಈಗ ನನಗೆ ಮುಖ್ಯವೆನಿಸುವುದು ವಿಭಾಗದ ನೊಣ ತಳಿಗಳ ಸಂಗ್ರಹ. ಜೀವಂತ ತಳಿಯನ್ನು ಕೆಲವು ವಾರಕ್ಕೊಮ್ಮೆ ಹೊಸ ಆಹಾರದ ಸೀಸೆಗೆ ದಾಟಿಸಲೇಬೇಕು, ರಜೆಯಿದ್ದರೂ ಸಂಶೋಧನಾರ್ಥಿಯ ಪಿಎಚ್.ಡಿ. ಮುಗಿದಿದ್ದರೂ. ಒಂದು ಸೈಟೊರೇಸ್ ಸತ್ತುಹೋದರೆ ಮತ್ತೊಮ್ಮೆ ಸಂಕರ ಮಾಡಬಹುದು, ಆದರೆ ಅದೇ ಜೋಡಣೆ ಮರಳಿ ಬರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಈ ಕೆಲಸ ಯೋಜನೆಯಿಂದ ಯೋಜನೆಗೆ ಸಿಗುವ ಹಣವನ್ನು ನಂಬಿ ನಡೆಯಬಾರದು. ಸೀಸೆ ದಾಟಿಸುವವರಿಗೆ ಕಾಯಂ ಹುದ್ದೆ ಇರಬೇಕು.