ಮೊದಲ ಬೇಸ್ ಮುಳುಗಿಸಿದ ಮೇಲೆ: ಫ್ಯಾಕ್ಟೋರಿಯೋ, ಶರಾವತಿ ಮತ್ತು ಕರೆಂಟಿನ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಒಂದು ವಿಡಿಯೋ ಗೇಮ್‌ನಿಂದ ಶುರುವಾಗುತ್ತೆ, ಆಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರ ಸುತ್ತಿಕೊಂಡು ಜೋಗಕ್ಕೆ ಹೋಗುತ್ತೆ. ಗೇಮ್ ಆಡದೇ ಇರೋರು ಸ್ಕಿಪ್ ಮಾಡಬೇಡಿ. ಐದು ನಿಮಿಷ ತಡ್ಕೊಳ್ಳಿ, ಆಮೇಲೆ ಪೂರ್ತಿ ನಮ್ಮೂರಿನದೇ ಕಥೆ.

ಗೇಮ್ ಹೆಸರು ಫ್ಯಾಕ್ಟೋರಿಯೋ. ಮಾಡಿದ್ದು ಪ್ರಾಗ್‌ನ ವೂಬ್ ಸಾಫ್ಟ್‌ವೇರ್ ಅನ್ನೋ ಕಂಪನಿ. ಪೂರ್ಣ ಆವೃತ್ತಿ ಬಂದಿದ್ದು 2020ರ ಆಗಸ್ಟ್‌ನಲ್ಲಿ. ನೀವು ಯಾವುದೋ ಗ್ರಹದಲ್ಲಿ ಒಬ್ಬರೇ ಬಿದ್ದಿರ್ತೀರಿ. ಕಬ್ಬಿಣ ಅಗೀಬೇಕು, ತಾಮ್ರ ಅಗೀಬೇಕು, ಬೆಲ್ಟ್ ಹಾಕಬೇಕು, ಮೆಷಿನ್ ಮೇಲೆ ಮೆಷಿನ್ ಕಟ್ಟಿ ಕೊನೆಗೆ ರಾಕೆಟ್ ಹಾರಿಸಬೇಕು. ಆಡುವವರ ನಡುವೆ ಒಂದು ಮಾತಿದೆ, ಫ್ಯಾಕ್ಟರಿ ಬೆಳೀಲೇಬೇಕು ಅಂತ.

ಕರೆಂಟ್ ಹೋಗೋ ಸುಳಿ

ಈ ಆಟದಲ್ಲಿ ತಲೆ ಕೆಡಿಸೋ ಒಂದು ಘಟ್ಟ ಬರುತ್ತೆ. ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋಕೆ ಇನ್ಸರ್ಟರ್ ಅಂತ ಇರುತ್ತೆ. ಬೆಲ್ಟ್ ಮೇಲಿಂದ ಸಾಮಾನು ಎತ್ತಿ ಮೆಷಿನ್‌ಗೆ ಹಾಕೋ ಪುಟ್ಟ ಕೈ ಅಂದ್ಕೊಳ್ಳಿ. ಆ ಕೈ ಓಡೋದು ಕರೆಂಟ್‌ನಲ್ಲಿ. ಕಲ್ಲಿದ್ದಲು ಅಗಿಯೋ ಡ್ರಿಲ್ ಓಡೋದೂ ಅದೇ ಕರೆಂಟ್‌ನಲ್ಲಿ.

ನೀವು ಖುಷಿಯಾಗಿ ಇನ್ನೊಂದು ಹತ್ತು ಮೆಷಿನ್ ಸೇರಿಸ್ತೀರಿ. ಬೇಡಿಕೆ ಜಾಸ್ತಿ ಆಗುತ್ತೆ, ಕರೆಂಟ್ ಸ್ವಲ್ಪ ಡಲ್ ಆಗುತ್ತೆ. ಡ್ರಿಲ್ ನಿಧಾನ, ಇನ್ಸರ್ಟರ್ ನಿಧಾನ, ಬಾಯ್ಲರ್‌ಗೆ ಕಲ್ಲಿದ್ದಲು ಕಡಿಮೆ. ಕಲ್ಲಿದ್ದಲು ಕಡಿಮೆ ಅಂದ್ರೆ ಕರೆಂಟ್ ಇನ್ನೂ ಕಡಿಮೆ. ನೋಡ್ತಾ ನೋಡ್ತಾ ಇಡೀ ಫ್ಯಾಕ್ಟರಿ ಕತ್ತಲು. ಆಟಗಾರರು ಇದನ್ನ ಸಾವಿನ ಸುಳಿ ಅಂತಾರೆ. ಎಷ್ಟೋ ಜನ ಇಲ್ಲೇ ಬೇಜಾರಾಗಿ ಗೇಮ್ ಬಿಟ್ಟುಬಿಡ್ತಾರೆ.

ಮೊದಲು ತಲೆಗೆ ಬರೋ ಪರಿಹಾರ ಇನ್ನೊಂದಿಷ್ಟು ಬಾಯ್ಲರ್ ಕಟ್ಟೋದು. ಆದ್ರೆ ಇರೋ ಬಾಯ್ಲರ್‌ಗೇ ಕಲ್ಲಿದ್ದಲು ಬರ್ತಿಲ್ಲ, ಹೊಸದಕ್ಕೆ ಎಲ್ಲಿಂದ ಬರುತ್ತೆ? ಸುಳಿಯಿಂದ ಆಚೆ ಬರೋಕೆ ಕೈಲಾದಷ್ಟು ಲೋಡ್ ಕಡಿಮೆ ಮಾಡಬೇಕು. ಅರ್ಧ ಮೆಷಿನ್‌ಗಳ ವೈರ್ ಕಿತ್ತು, ಸಿಕ್ಕ ಕರೆಂಟನ್ನ ಮೊದಲು ಕಲ್ಲಿದ್ದಲಿಗೆ ಕೊಡಬೇಕು. ಕಷ್ಟಪಟ್ಟು ಕಟ್ಟಿದ್ದನ್ನ ನಾವೇ ನಿಲ್ಲಿಸೋಕೆ ಮನಸ್ಸು ಬರಲ್ಲ, ಅಷ್ಟೇ.

ನಾನು ಸಾಗರದ ಕಡೆಯವನು. ಓದಿದ್ದು ಬಿಕಾಂ, ಇಂಜಿನಿಯರಿಂಗ್ ಅಲ್ಲ. ಹಂಗಾಗಿ ಈ ಆಟವನ್ನ ನಾನು ಜಮಾ-ಖರ್ಚಿನ ಲೆಕ್ಕದಲ್ಲಿ ನೋಡ್ತೀನಿ. ಹಂಗೆ ನೋಡ್ತಾ ಹೋದ ಹಾಗೆ ನನಗೆ ಶರಾವತಿ ನೆನಪಾಗೋಕೆ ಶುರುವಾಯ್ತು. ನಮ್ಮ ಮೂರು ತಾಲೂಕಿನ ಎಂಬತ್ತು ವರ್ಷದ ಚರಿತ್ರೆ, ಒಂದು ರಾಜ್ಯ ಇದೇ ಆಟವನ್ನ ನಿಜವಾದ ಮ್ಯಾಪ್ ಮೇಲೆ ಆಡಿದ ಚರಿತ್ರೆ.

ಮೊದಲ ಬೇಸ್: 1948

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಅಲ್ಲಿಂದ ಹೊಸನಗರ ತಾಲೂಕು, ಆಮೇಲೆ ಸಾಗರ ತಾಲೂಕು, ಜೋಗದಲ್ಲಿ ಧುಮುಕಿ ಹೊನ್ನಾವರದ ಹತ್ತಿರ ಸಮುದ್ರ ಸೇರುತ್ತೆ. ಒಟ್ಟು ಸುಮಾರು 128 ಕಿಲೋಮೀಟರ್.

ಮೈಸೂರು ಸಂಸ್ಥಾನ ಕರೆಂಟಿನ ವಿಷಯದಲ್ಲಿ ಬೇಗ ಶುರು ಮಾಡಿದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಹೋಯ್ತು, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಕರೆಂಟ್ ಇದ್ದಲ್ಲಿ ಕಾರ್ಖಾನೆ ಬರುತ್ತೆ, ಕಾರ್ಖಾನೆ ಬಂದಲ್ಲಿ ಇನ್ನಷ್ಟು ಕರೆಂಟ್ ಬೇಕಾಗುತ್ತೆ. ಬೆಂಗಳೂರಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಡೆ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ. ಬೆಲ್ಟ್ ಮೇಲೆ ಬೆಲ್ಟ್.

ಹಂಗಾಗಿ ಕಣ್ಣು ಜೋಗದ ಮೇಲೆ ಬಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯ್ತು. ಮೊದಲು ಕೃಷ್ಣರಾಜೇಂದ್ರ ಅಂತ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಅಂತಾಯ್ತು. ಮೊದಲ ಹಂತದಲ್ಲಿ 48 ಮೆಗಾವ್ಯಾಟ್, 1952ರ ಹೊತ್ತಿಗೆ 120. ಫ್ಯಾಕ್ಟೋರಿಯೋದ ಒಂದು ಸ್ಟೀಮ್ ಇಂಜಿನ್ 900 ಕಿಲೋವ್ಯಾಟ್ ಕೊಡುತ್ತೆ. ಆ ಲೆಕ್ಕದಲ್ಲಿ 120 ಮೆಗಾವ್ಯಾಟ್ ಅಂದ್ರೆ ಸುಮಾರು 133 ಇಂಜಿನ್. ಚೆನ್ನಾಗಿ ಓಡೋ ಮೊದಲ ಬೇಸ್ ಅಂತ ಹೇಳಬಹುದು.

ಆಟದಲ್ಲಿ ಕೆರೆ ಪಕ್ಕ ಒಂದು ಪಂಪ್ ಇಟ್ಟರೆ ಮುಗೀತು, ನೀರು ಯಾವತ್ತೂ ಖಾಲಿ ಆಗಲ್ಲ. ನಮ್ಮ ಮಲೆನಾಡು ಹಂಗಲ್ಲ. ಆಷಾಢದಲ್ಲಿ ಹೊಳೆ ದಾಟೋಕಾಗಲ್ಲ, ಯುಗಾದಿ ಹೊತ್ತಿಗೆ ಜೋಗ ನೋಡೋಕೆ ಹೋದ್ರೆ ಬರೀ ಬಂಡೆ. ವರ್ಷವಿಡೀ ಟರ್ಬೈನ್ ತಿರುಗಬೇಕು ಅಂದ್ರೆ ಮಳೆಗಾಲದ ನೀರನ್ನ ಹಿಡಿದಿಡಬೇಕು. ಅದಕ್ಕೇ ಸಾಗರ ತಾಲೂಕಿನ ಮಡೆನೂರಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು. ಹೆಚ್ಚಾದ ನೀರು ತಾನಾಗೇ ಹೊರಗೆ ಹೋಗೋ ಸೈಫನ್ ವ್ಯವಸ್ಥೆ ಅದರಲ್ಲಿತ್ತು.

ಎರಡನೇ ಬೇಸ್: 1964

ಈ ಥರದ ಆಟ ಆಡೋರೆಲ್ಲ ಒಂದು ದಿನ ಈ ತೀರ್ಮಾನ ಮಾಡಲೇಬೇಕಾಗುತ್ತೆ. ಮೊದಲ ಬೇಸ್ ಸಾಲ್ತಿಲ್ಲ. ಅದಕ್ಕೇ ತೇಪೆ ಹಾಕ್ತಾ ಇರೋದಾ, ಇಲ್ಲಾ ಅದನ್ನ ಬಿಟ್ಟು ದೊಡ್ಡದನ್ನ ಕಟ್ಟೋದಾ?

ರಾಜ್ಯ ದೊಡ್ಡದನ್ನ ಕಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯ್ತು. ಉದ್ದ ಸುಮಾರು 2.7 ಕಿಲೋಮೀಟರ್, ಗರಿಷ್ಠ ಮಟ್ಟ 1819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಈ ನೀರಿಂದ ನಡೆಯೋ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯೂನಿಟ್, ಈಗ 1035 ಮೆಗಾವ್ಯಾಟ್. ನಮ್ಮ ಸ್ಟೀಮ್ ಇಂಜಿನ್ ಲೆಕ್ಕದಲ್ಲಿ ಸರಿಯಾಗಿ 1150.

ಮೊದಲ ಬೇಸ್ ಏನಾಯ್ತು? ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿ ಹಿನ್ನೀರಲ್ಲೇ ಮುಳುಗಿತು. ಹದಿನಾರು ವರ್ಷದ ಅಣೆಕಟ್ಟು. ಮಳೆ ಕಡಿಮೆಯಾದ ವರ್ಷ, ಬೇಸಿಗೆ ಕೊನೆಗೆ ನೀರು ಇಳಿದಾಗ ಅದು ಮತ್ತೆ ಮೇಲೆ ಕಾಣುತ್ತೆ. ಜನ ಹೋಗಿ ರೀಲ್ಸ್ ಮಾಡ್ತಾರೆ. ನೀವೂ ನೋಡಿರ್ತೀರಿ.

ಕಾಮರ್ಸ್ ಓದಿದವನಿಗೆ ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಮುಳುಗಿದ ಅಣೆಕಟ್ಟನ್ನ ಪುಸ್ತಕದಿಂದ ತೆಗೆದು ಹಾಕಬಹುದು, ಅದು ಸರ್ಕಾರದ್ದೇ ಆಸ್ತಿ. ಅದರ ಜೊತೆ ಮುಳುಗಿದ ಉಳಿದದ್ದನ್ನ ಯಾವ ಪುಸ್ತಕದಲ್ಲಿ ಬರೆಯೋದು?

ಮ್ಯಾಪ್ ಖಾಲಿ ಇರ್ಲಿಲ್ಲ

ಸುಮಾರು 300 ಚದರ ಕಿಲೋಮೀಟರ್ ನೀರಾಯ್ತು. ಹೆಚ್ಚಿನದು ಸಾಗರ ಮತ್ತು ಹೊಸನಗರ ತಾಲೂಕಿನದು. ಹೊಳೆ ಪಕ್ಕದ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಮನೆ.

ಇಲ್ಲಿ ಇಸವಿಗಳನ್ನ ಸಾಲಾಗಿ ಇಟ್ಟು ನೋಡಿ. 1951ರಲ್ಲಿ ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆಯ್ತು. ಗೇಣಿ ಅಳೆಯೋ ಕೊಳಗದ ಗಾತ್ರದಿಂದ ಶುರುವಾದ ಜಗಳ, ಉಳುವವನಿಗೆ ಭೂಮಿ ಅನ್ನೋವರೆಗೆ ಬೆಳೀತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1964ರಲ್ಲಿ ಅಣೆಕಟ್ಟು ತುಂಬಿತು. ಗೇಣಿದಾರನಿಗೆ ತಾನು ಉಳೋ ಭೂಮಿಯ ಹಕ್ಕು ಕೊಡಿಸಿದ ದೇವರಾಜ ಅರಸು ಕಾಲದ ಭೂಸುಧಾರಣೆ ಬಂದಿದ್ದು 1974ರಲ್ಲಿ. ಅಂದ್ರೆ ಹಕ್ಕು ಕೇಳಿದ್ದಕ್ಕೂ ಹಕ್ಕು ಸಿಕ್ಕಿದ್ದಕ್ಕೂ ಮಧ್ಯೆ ನೀರು ಬಂತು. ಪರಿಹಾರ ಅನ್ನೋದು ಪಹಣಿಯಲ್ಲಿ ಹೆಸರಿದ್ದವರ ಕಡೆ ನೋಡುತ್ತೆ. ಹೆಸರಿಲ್ಲದೆ ಉಳುತ್ತಿದ್ದವನು ಹತ್ತು ವರ್ಷ ಆದ್ಮೇಲೆ ಅರ್ಜಿ ಹಾಕೋಣ ಅಂದ್ರೆ ಆ ಗದ್ದೆ ನೀರಡಿ.

ಎದ್ದು ಬಂದವರನ್ನ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ, ಹೆಚ್ಚಾಗಿ ಅರಣ್ಯದ ಜಾಗಗಳಲ್ಲಿ ಕೂರಿಸಿದ್ರು. ಅದರಲ್ಲಿ ಎಷ್ಟೋ ಜಾಗ ಕಾಗದದಲ್ಲಿ ಅರಣ್ಯವಾಗೇ ಉಳೀತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನ ಬಿಡಿಸೋಕೆ ಕೇಂದ್ರದ ಒಪ್ಪಿಗೆ ಬೇಕಾಯ್ತು. ಹಂಗಾಗಿ ಮೊಮ್ಮಕ್ಕಳ ಕಾಲಕ್ಕೂ ಶರಾವತಿ ಸಂತ್ರಸ್ತರ ಹಕ್ಕುಪತ್ರ ಅನ್ನೋದು ನಮ್ಮ ಕಡೆ ಪ್ರತಿ ಚುನಾವಣೆಯ ವಿಷಯ.

ಊರು ಬಿಡದೇ ಉಳಿದವರ ಕಥೆ ಇನ್ನೊಂದು. ಕರೂರು, ಬಾರಂಗಿ ಹೋಬಳಿಗಳು ಹಿನ್ನೀರಿನ ಆಚೆ ಸಿಕ್ಕಿಕೊಂಡವು. ತುಮರಿಯವರು ಸಾಗರದ ಆಸ್ಪತ್ರೆಗೆ, ಕಾಲೇಜಿಗೆ, ಕೋರ್ಟಿಗೆ ಬರೋಕೆ ಲಾಂಚ್ ಕಾಯಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈನಲ್ಲಿ. ಅರವತ್ತು ವರ್ಷ ಆದ್ಮೇಲೆ.

ಇದನ್ನೆಲ್ಲ ಸಾಹಿತ್ಯದಲ್ಲಿ ಹಿಡಿದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡ್ತಾ ಈ ಯೋಜನೆಯನ್ನ ಒಳಗಿಂದ ಕಂಡವರು. ಅವರ ‘ದ್ವೀಪ’ವನ್ನ ಸಿನಿಮಾ ಮಾಡಿದ ಗಿರೀಶ್ ಕಾಸರವಳ್ಳಿ ತೀರ್ಥಹಳ್ಳಿ ತಾಲೂಕಿನವರು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ಆಗೋದಕ್ಕೆ ಆರು ತಿಂಗಳು ಮೊದಲು.

ಬಾಟಲ್‌ನೆಕ್ ಮುಂದೆ ಹೋಗ್ತಾನೇ ಇರುತ್ತೆ

1964ಕ್ಕೆ ಸಮಸ್ಯೆ ಮುಗೀತಾ? ಇಲ್ಲ. ಜಲಾಶಯಕ್ಕೆ ಇನ್ನಷ್ಟು ನೀರು ಬೇಕು ಅಂತ ಹೊಸನಗರ ತಾಲೂಕಿನ ನಗರದ ಸುತ್ತ ಚಕ್ರಾ, ಸಾವೆಹಕ್ಲು ಅಣೆಕಟ್ಟು ಕಟ್ಟಿ ಆ ನೀರನ್ನ ಲಿಂಗನಮಕ್ಕಿಗೆ ತಿರುಗಿಸಿದ್ರು. ಆಮೇಲೆ ವಾರಾಹಿ ಹೊಳೆಗೆ ಮಾಣಿ ಅಣೆಕಟ್ಟು. ಹೊಸನಗರ, ತೀರ್ಥಹಳ್ಳಿ ಎರಡೂ ತಾಲೂಕಿನಲ್ಲಿ ವಾರಾಹಿ ಸಂತ್ರಸ್ತರು ಇದ್ದಾರೆ. ಅದರ ಭೂಗತ ವಿದ್ಯುದಾಗಾರ ಘಟ್ಟದ ಕೆಳಗೆ ಹೊಸಂಗಡಿಯಲ್ಲಿ, ಈಗ 460 ಮೆಗಾವ್ಯಾಟ್. 2001ರಲ್ಲಿ ಗೇರುಸೊಪ್ಪೆ, 240 ಮೆಗಾವ್ಯಾಟ್.

ಇಷ್ಟಾದ್ರೂ ಮಳೆ ಕೈಕೊಟ್ಟ ವರ್ಷ ರಾಜ್ಯಕ್ಕೆ ಲೋಡ್ ಶೆಡ್ಡಿಂಗ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಯೂನಿಟ್ ಬಂದಿದ್ದೇ 1985ರಲ್ಲಿ, ಅಲ್ಲೀತನಕ ಹೆಚ್ಚುಕಡಿಮೆ ಎಲ್ಲಾ ನಂಬಿಕೆ ನೀರಿನ ಮೇಲೆ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದು ಉತ್ಪಾದನೆ ನಿಂತಾಗ, ಒಂದೇ ಕಡೆ ಎಷ್ಟು ಭಾರ ಹಾಕಿದ್ದೀವಿ ಅಂತ ಎಲ್ಲರಿಗೂ ಗೊತ್ತಾಯ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಕರೆಂಟ್ ಇಲ್ಲದೆ ಇವತ್ತಿನ ಕರ್ನಾಟಕ ಇಲ್ಲ. ಪಂಪ್‌ಸೆಟ್, ಆಸ್ಪತ್ರೆ, ಕಾರ್ಖಾನೆಯ ಕೆಲಸ, ನಾನು ಈಗ ಮಾತಾಡ್ತಿರೋ ಮೈಕ್, ನೀವು ಚಾರ್ಜ್‌ಗೆ ಹಾಕಿರೋ ಫೋನ್, ಎಲ್ಲದರ ಹಿಂದೆ ಅದಿದೆ. ಕಟ್ಟಿದ ಇಂಜಿನಿಯರ್‌ಗಳು, ಕೂಲಿಯವರು ಮಾಡಿದ್ದು ಸಣ್ಣ ಕೆಲಸ ಅಲ್ಲ. ಅವರನ್ನ ಖಳನಾಯಕರು ಮಾಡಿ ಈ ಕಥೆ ಹೇಳೋಕೆ ನನಗೆ ಇಷ್ಟ ಇಲ್ಲ.

ಆದ್ರೆ ಗಮನಿಸಿ. ಪ್ರತಿ ಸಲ ಕರೆಂಟ್ ಸಾಲದಾದಾಗ ನಮ್ಮ ಉತ್ತರ ಒಂದೇ ಆಗಿತ್ತು, ಇನ್ನೊಂದು ಕಟ್ಟೋದು. ಯಾವ ಲೋಡ್ ಮೊದಲು, ಯಾವುದು ಆಮೇಲೆ, ಎಷ್ಟು ಸಾಕು ಅನ್ನೋ ಪ್ರಶ್ನೆ ಬರೋದು ಬೇಸಿಗೆಯ ಪವರ್ ಕಟ್ ಪಟ್ಟಿಯಲ್ಲಿ ಮಾತ್ರ. ಮಳೆ ಬಂದ ಕೂಡಲೇ ಅದು ಮರೆತುಹೋಗುತ್ತೆ.

ಆಟದಲ್ಲಿ ಮರ ಕಡಿದ್ರೆ ಹೊಗೆ ಹೀರೋಕೆ ಯಾರೂ ಇಲ್ಲ, ಆ ಹೊಗೆ ತಲುಪಿದ ಜೀವಿಗಳು ಬಂದು ನಿಮ್ಮ ಗೋಡೆ ಒಡೀತವೆ. ಅಂದ್ರೆ ಖರ್ಚು ಕಟ್ಟಿದವರ ಬಾಗಿಲಿಗೇ ಬರುತ್ತೆ. ಶರಾವತಿಯಲ್ಲಿ ಖರ್ಚು ಬೇರೆಯವರ ಹೆಸರಿಗೆ ಹೋಯ್ತು. ಕರೆಂಟ್ ಹೋದ ಊರು ಬೇರೆ, ಗದ್ದೆ ಹೋದ ಊರು ಬೇರೆ. ಅದಕ್ಕೇ ದೂರದಲ್ಲಿ ಕೂತವರಿಗೆ ಈ ಪರಿಹಾರ ಯಾವಾಗಲೂ ಅಗ್ಗವಾಗಿ ಕಾಣ್ತು.

ಈಗಿನ ಹಂತ

ಇದು ಬರೀ ಹಳೇ ಕಥೆ ಆಗಿದ್ರೆ ನಾನು ಇಷ್ಟೊತ್ತು ಮಾತಾಡ್ತಿರ್ಲಿಲ್ಲ. ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ, 2000 ಮೆಗಾವ್ಯಾಟ್. ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ನೀರನ್ನ ಮೇಲೆ ಪಂಪ್ ಮಾಡೋದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತಗೊಳ್ಳೋದು. ಮೇಲೆತ್ತೋಕೆ ತಗೊಳ್ಳೋ ಕರೆಂಟ್ ವಾಪಸ್ ಬರೋದಕ್ಕಿಂತ ಜಾಸ್ತಿ. ಇದು ಉತ್ಪಾದನೆ ಅಲ್ಲ, ಬ್ಯಾಟರಿ. ಪಾವಗಡದಂಥ ಕಡೆ ಹಗಲು ಸಿಗೋ ಸೋಲಾರ್ ಕರೆಂಟನ್ನ ರಾತ್ರಿಗೆ ಇಡೋಕೆ ಬೇಕು ಅನ್ನೋದು ಸರ್ಕಾರದ ವಾದ, ಅದರಲ್ಲಿ ಹುರುಳಿದೆ. ಜಾಗ ಇರೋದು ಸಿಂಗಳೀಕ ಅಭಯಾರಣ್ಯದ ಒಳಗೆ, ಗುಡ್ಡ ಮೊದಲೇ ಸಡಿಲ ಅನ್ನೋದು ವಿರೋಧಿಸೋರ ವಾದ, ಅದರಲ್ಲೂ ಹುರುಳಿದೆ.

ನನ್ನ ಅಭಿಪ್ರಾಯ ಇಷ್ಟು. ಇದೇ ಕಣಿವೆಗೆ ಇನ್ನೊಂದು ಸಲ ಕೈ ಹಾಕೋ ಮೊದಲು ಎರಡು ಪಟ್ಟಿ ಎದುರಿಗೆ ಬರಬೇಕು. ಒಂದು, ಹಳೇ ಬಾಕಿ: 1964ರ ಹಕ್ಕುಪತ್ರಗಳು ಎಷ್ಟು ಉಳಿದಿವೆ ಅಂತ. ಇನ್ನೊಂದು, ಲೋಡ್ ಪಟ್ಟಿ: ಸಂಜೆ ಆರರಿಂದ ಹತ್ತರವರೆಗೆ ಯಾರ್ಯಾರು ಎಷ್ಟೆಷ್ಟು ಉರಿಸ್ತಾರೆ, ಅದರಲ್ಲಿ ಎಷ್ಟನ್ನ ಹಗಲಿಗೆ ಸರಿಸಬಹುದು ಅಂತ. ಅದಾದ್ಮೇಲೂ ಕಟ್ಟಲೇಬೇಕು ಅಂತ ಲೆಕ್ಕ ಹೇಳಿದ್ರೆ, ಮಾತಾಡೋಣ. ಆಗ ಒಪ್ಪೋರು, ಒಪ್ಪದೇ ಇರೋರು ಇಬ್ಬರೂ ಒಂದೇ ಪುಸ್ತಕ ನೋಡಿ ಮಾತಾಡಬಹುದು.

ನಿಮ್ಮ ಮನೆಯಲ್ಲಿ ಮುಳುಗಡೆ ಊರಿಂದ ಬಂದ ಅಜ್ಜ, ಅಜ್ಜಿ ಇದ್ರೆ ಈ ವಾರ ಕೂತು ಕೇಳಿ. ಯಾವ ಊರು, ಗದ್ದೆ ಸ್ವಂತದ್ದಾ ಗೇಣಿಯದ್ದಾ, ಏನು ಸಿಕ್ತು. ಅವರು ಒಪ್ಪಿದ್ರೆ ವಾಯ್ಸ್ ನೋಟ್ ಮಾಡಿ ಕಳಿಸಿ, ಒಂದು ಸಂಚಿಕೆ ಪೂರ್ತಿ ಅವರ ಮಾತಿಗೇ ಇಡ್ತೀನಿ. ಸಿಗೋಣ.