ಮೂತ್ರಕೋಶದೊಳಗೊಂದು ದೀಪ

1874ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಥಿಯೋಡರ್ ಬಿಲ್‌ರೋತ್ 12 ವರ್ಷದ ಬಾಲಕನೊಬ್ಬನ ಕಿಬ್ಬೊಟ್ಟೆಯನ್ನು ಸೀಳಿ, ಮೂತ್ರಕೋಶದಲ್ಲಿ ಬೆಳೆದಿದ್ದ ಗೆಡ್ಡೆಯನ್ನು ಹೊರತೆಗೆದನು. ಅದು ಅಪರೂಪದ ಗೆಡ್ಡೆ. ಮೂತ್ರಕೋಶದ ಗೆಡ್ಡೆಗಳಲ್ಲಿ ಬಹುಪಾಲು ಅದರ ಒಳಪೊರೆಯಲ್ಲಿ ಹುಟ್ಟುವಂಥವು; ಸ್ನಾಯು, ರಕ್ತನಾಳ, ನರಗಳಂಥ ಮೃದು ಅಂಗಾಂಶಗಳಲ್ಲಿ ಹುಟ್ಟುವಂಥವು ನೂರಕ್ಕೆ ಐದನ್ನೂ ಮುಟ್ಟುವುದಿಲ್ಲ. ಬಿಲ್‌ರೋತನ ಶಿಷ್ಯ ಗುಸ್ಸೆನ್‌ಬೌವರ್ 1875ರಲ್ಲಿ ಪ್ರಕಟಿಸಿದ ವರದಿ ಇದನ್ನು ಸ್ನಾಯುವಿನ ಗೆಡ್ಡೆಯೆಂದೇ ಕರೆಯಿತು.

ಆ ಕಾಲದ ವೈದ್ಯನಿಗಿದ್ದ ಸಾಧನಗಳಾದರೂ ಏನು? ತನ್ನ ಬೆರಳು, ಮತ್ತೊಂದು ಲೋಹದ ಸಲಾಕೆ. ಸಲಾಕೆ ಕಲ್ಲಿಗೆ ತಾಗಿದರೆ ಟಣ್ಣೆನ್ನುತ್ತಿತ್ತು. ಗೆಡ್ಡೆಗೆ ತಾಗಿದರೆ ಸದ್ದಿಲ್ಲ. ಈ ಕುರುಡುತನವನ್ನು ನೀಗಿದವನು ಮ್ಯಾಕ್ಸ್ ನಿಟ್ಸೆ. ಹೊರಗೆ ದೀಪವಿಟ್ಟು ಒಳಗೆ ಇಣುಕುವ ಹಳೆಯ ಪದ್ಧತಿಯನ್ನು ಬಿಟ್ಟು, ಅವನು ದೀಪವನ್ನೇ ಒಳಗೆ ಒಯ್ದನು. 1877ರಲ್ಲಿ ಡ್ರೆಸ್ಡೆನ್ನಿನಲ್ಲಿ ಪ್ರದರ್ಶಿಸಿದ ಆ ನಳಿಗೆಯ ತುದಿಯಲ್ಲಿ ಪ್ಲಾಟಿನಂ ತಂತಿ ಕೆಂಪಗೆ ಕಾದು ಹೊಳೆಯುತ್ತಿತ್ತು. ಅಂಗ ಸುಡದಂತೆ ಸುತ್ತಲೂ ತಣ್ಣೀರು ಹರಿಯಬೇಕಾಗಿತ್ತು. ಎಡಿಸನ್ನನ ಬಲ್ಬು ಬಂದ ಮೇಲೆಯೇ ಈ ತಾಪತ್ರಯ ತಪ್ಪಿದ್ದು.

ದೀಪ ಗೆಡ್ಡೆಯ ರೂಪವನ್ನು ತೋರಿತು, ಗುಣವನ್ನಲ್ಲ. ಗುಣ ತಿಳಿಯಲು ಚೂರೊಂದನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಅಲ್ಲಿಯೂ ಮೋಸವುಂಟು. ಕದಿರಿನಾಕಾರದ ಕೋಶಗಳು ಒತ್ತೊತ್ತಾಗಿ ಕಂಡರೆ ಸಾರ್ಕೋಮಾ ಎಂಬ ಕ್ರೂರ ಅರ್ಬುದವೆಂದು ಬಗೆಯುವುದು ಸಹಜ. ಆದರೆ ಅದೇ ವೇಷದ, ಬಹುಮಟ್ಟಿಗೆ ಸಾಧುವಾದ ಗೆಡ್ಡೆಯೊಂದು ಮೂತ್ರಕೋಶದಲ್ಲಿಯೂ ಹುಟ್ಟಬಲ್ಲದೆಂದು 1980ರಲ್ಲಿ ವರದಿಯಾಯಿತು. ಸಾರ್ಕೋಮಾ ಆದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು. ಇದಾದರೆ ಗೆಡ್ಡೆಯನ್ನಷ್ಟೇ ತೆಗೆದು, ಮರುಕಳಿಸೀತೇ ಎಂದು ಕಾಯ್ದು ನೋಡಿದರೆ ಬಹುವೇಳೆ ಸಾಕು. ಹೆಸರು ತಪ್ಪಿದರೆ ರೋಗಿ ತೆರುವ ಬೆಲೆಯನ್ನು ವಿವರಿಸಬೇಕಾಗಿಲ್ಲ. ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಹಿಡಿದ ಏಕಮೂಲ ಪ್ರತಿಕಾಯಗಳು ಇಲ್ಲಿ ನೆರವಿಗೆ ಬಂದವು. ಪ್ರತಿಕಾಯದಿಂದ ಬಣ್ಣ ಹಾಯಿಸಿದಾಗ ಎ.ಎಲ್.ಕೆ. ಎಂಬ ಪ್ರೋಟೀನು ಕಂಡರೆ, ಅದು ಆ ಸಾಧು ಗೆಡ್ಡೆಯೆಂಬುದಕ್ಕೆ ಬಲವಾದ ಸಾಕ್ಷ್ಯ. ಕಾಣದಿದ್ದ ಮಾತ್ರಕ್ಕೆ ಅಲ್ಲವೆನ್ನುವಂತಿಲ್ಲ.

ಮಕ್ಕಳ ಮೂತ್ರಕೋಶದಲ್ಲಿ ಹುಟ್ಟುವ ರ್ಯಾಬ್ಡೋಮಯೋಸಾರ್ಕೋಮಾದ ಕಥೆ ಬೇರೆ. ಅದು ನಿಜವಾಗಿಯೂ ಕ್ರೂರಿ. ಅಂಗವನ್ನೇ ಕಿತ್ತುಹಾಕುವುದೊಂದೇ ಬಹುಕಾಲ ಇದ್ದ ದಾರಿ. 1972ರಿಂದ ಅಮೆರಿಕದ ಹಲವು ಆಸ್ಪತ್ರೆಗಳು ಒಟ್ಟುಗೂಡಿ ನಡೆಸಿದ ಅಧ್ಯಯನಗಳು ಔಷಧ ಮತ್ತು ವಿಕಿರಣ ಚಿಕಿತ್ಸೆಯನ್ನು ಮುಂದೆ ತಂದವು. ಇಂದು ಅನೇಕ ಮಕ್ಕಳ ಮೂತ್ರಕೋಶ ಉಳಿಯುತ್ತದೆ. ಆ ಔಷಧಗಳಲ್ಲೊಂದಾದ ವಿನ್‌ಕ್ರಿಸ್ಟೀನ್ ದೊರೆತದ್ದು, ನಮ್ಮ ಹಿತ್ತಿಲಿನಲ್ಲಿ ಯಾರ ಆರೈಕೆಯೂ ಇಲ್ಲದೆ ಹೂಬಿಡುವ ನಿತ್ಯಪುಷ್ಪದ ಗಿಡದಿಂದ.