ಮೈಲಿನ ಚೀಟಿ

ಮೊನ್ನೆ ಆಫೀಸಿನಲ್ಲಿ ಆನ್‌ಸೈಟ್ ಪ್ರಯಾಣದ ಫಾರಂ ತುಂಬುತ್ತಿದ್ದೆ. 'ಫ್ರೀಕ್ವೆಂಟ್ ಫ್ಲೈಯರ್ ನಂಬರ್' ಅಂತ ಒಂದು ಖಾಲಿ ಜಾಗ. ನನ್ನ ಹತ್ತಿರ ಇರಲಿಲ್ಲ. "ಯಾವುದಾದ್ರೂ ಒಂದಕ್ಕೆ ಸೇರ್ಕೊಳ್ಳೋ, ಬಿಟ್ಟಿ ಸಿಗೋದನ್ನ ಯಾಕೆ ಬಿಡ್ತೀಯ" ಅಂದ ಪಕ್ಕದ ಸೀಟಿನ ಗೆಳೆಯ. ಯಾವುದಕ್ಕೆ ಸೇರೋದು? ಸಂಜೆ ಕಮ್ಮನಹಳ್ಳಿಯ ರೂಮಿಗೆ ಬಂದು ಹುಡುಕುತ್ತಾ ಕೂತವನಿಗೆ, ಈಗಿನ ಕಾರ್ಡುಗಳಿಗಿಂತ ಹಳೆಯ ಕಾರ್ಡುಗಳ ಕತೆಯೇ ಹೆಚ್ಚು ಹಿಡಿಸಿತು. ಅದರಲ್ಲಿ ನಮ್ಮ ಬೆಂಗಳೂರಿನದೂ ಒಂದಿದೆ.

ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು. ಪೈಪೋಟಿ ಶುರುವಾಯಿತು. ಗಿರಾಕಿಗಳು ಕೈಬಿಟ್ಟು ಹೋಗದಿರಲಿ ಅಂತ ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ 'ಅಡ್ವಾಂಟೇಜ್' ಶುರುಮಾಡಿತು. ಹಾರಿದಷ್ಟು ಮೈಲು ಲೆಕ್ಕ, ಮೈಲು ಕೂಡಿದರೆ ಟಿಕೆಟ್. ನಮ್ಮಲ್ಲಿ 1953ರ ಕಾನೂನಿನಿಂದ ವಿಮಾನಯಾನ ಸರ್ಕಾರದ ಕೈಯಲ್ಲಿತ್ತು. ಊರಿಗೆ ಇರೋದೇ ಒಂದು ಬಸ್ಸಾದರೆ ಕಂಡಕ್ಟರ್ ಯಾಕೆ ನಮ್ಮನ್ನು ಓಲೈಸಬೇಕು? :) ಆ ಕಾನೂನು ರದ್ದಾಗಿದ್ದು 1994ರಲ್ಲಿ. ಜೆಟ್ ಏರ್‌ವೇಸ್ ಅದಕ್ಕೂ ಒಂದು ವರ್ಷ ಮೊದಲೇ ಹಾರತೊಡಗಿತ್ತು.

ಬೆಂಗಳೂರಿನ ಸರದಿ ಬಂದದ್ದು ಆಮೇಲೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್, 2005ರ ಮೇ ತಿಂಗಳಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್. ಆಗ ವಿಮಾನ ಹತ್ತಲು ಕಮ್ಮನಹಳ್ಳಿಯಿಂದ ಎಚ್‌ಎಎಲ್‌ಗೆ ಹೋದರೆ ಸಾಕಿತ್ತು. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇನಲ್ಲಿ. ಕಿಂಗ್‌ಫಿಷರ್‌ನ ಸದಸ್ಯತ್ವದ ಹೆಸರು 'ಕಿಂಗ್ ಕ್ಲಬ್', ಅಲ್ಲಿ ಕೂಡುತ್ತಿದ್ದದ್ದು 'ಕಿಂಗ್ ಮೈಲ್ಸ್'.

2008ರಲ್ಲಿ ಡೆಕ್ಕನ್ ಕೂಡ 'ಕಿಂಗ್‌ಫಿಷರ್ ರೆಡ್' ಆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ. 2010ರಲ್ಲಿ 'ಒನ್‌ವರ್ಲ್ಡ್' ಎಂಬ ಅಂತರರಾಷ್ಟ್ರೀಯ ಕೂಟಕ್ಕೆ ಸೇರುವುದೂ ಗೊತ್ತಾಯಿತು. ಅಂದು ನನ್ನ ವಯಸ್ಸಿನ ಸಾಫ್ಟ್‌ವೇರ್ ಹುಡುಗನೊಬ್ಬ ನನ್ನಂತೆಯೇ ಲೆಕ್ಕ ಹಾಕಿದ್ದರೆ ಇದನ್ನೇ ಆರಿಸುತ್ತಿದ್ದನೇನೋ. ಲೆಕ್ಕದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ!

ಆದರೆ 2012ರ ಫೆಬ್ರವರಿಯಲ್ಲಿ, ಸೇರಲು ಕೆಲವೇ ದಿನಗಳಿರುವಾಗ, ಒನ್‌ವರ್ಲ್ಡ್ ಅದನ್ನು ಮುಂದೂಡಿತು. ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಪರವಾನಗಿ ಅಮಾನತಾಯಿತು. ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರ ಕಷ್ಟದ ಮುಂದೆ ಮೈಲು ಕಳೆದುಕೊಂಡವರದ್ದು ದೊಡ್ಡ ನಷ್ಟವಲ್ಲ, ನಿಜ. ಆದರೂ ಮೈಲು ಇದ್ದವರಿಗೆ ಹಾರಲು ವಿಮಾನವೇ ಇರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಕೇಳಿ ಒಂದೇ ಮಾತು ಅಂದಳು: "ಚೀಟಿ ಹಾಕಿದ ಹಾಗೆ ತಾನೇ? ನಡೆಸೋರು ಯಾರು ಅಂತ ಮೊದಲು ನೋಡು."

ಎಷ್ಟು ಸರಿ! ಮೈಲು ಅಂದರೆ ಉಡುಗೊರೆ ಅಂದುಕೊಂಡಿದ್ದೆ. ಅದು ಕಂಪನಿ ನಮಗೆ ಕೊಡಬೇಕಾದ ಸಾಲ. ಜೆಟ್ ಏರ್‌ವೇಸ್ ನೋಡಿ. 2019ರ ಏಪ್ರಿಲ್ 17ಕ್ಕೆ ಅದರ ಹಾರಾಟ ನಿಂತಿತು, ಆದರೆ ಸದಸ್ಯರ ಮೈಲು ಅಂದೇ ಸಾಯಲಿಲ್ಲ. ಕಾರಣ, ಆ ಲೆಕ್ಕ ಬೇರೆಯೇ ಕಂಪನಿಯ ಕೈಯಲ್ಲಿತ್ತು; 2014ರಿಂದ ಅದರಲ್ಲಿ ಎತಿಹಾದ್‌ನ ಪಾಲು ಅರ್ಧಕ್ಕಿಂತ ಹೆಚ್ಚು. ಅದು 'ಇಂಟರ್‌ಮೈಲ್ಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಪಾಯಿಂಟುಗಳು 'ಮಹಾರಾಜ ಕ್ಲಬ್'ಗೆ ಹೋದವು. ಮೂರೂ ಕಂಪನಿಗಳ ವಿಮಾನ ಈಗಿಲ್ಲ. ಆದರೆ ಚೀಟಿ ಪುಸ್ತಕ ಯಾರ ಕೈಯಲ್ಲಿತ್ತು ಅನ್ನೋದರ ಮೇಲೆ ಸದಸ್ಯರ ಗತಿ ಬೇರೆಬೇರೆಯಾಯಿತು.

ಕೊನೆಗೆ ನಾನು ಮಾಡಿದ್ದಿಷ್ಟು. ಆಫೀಸು ಕಳಿಸೋದು ಫ್ರಾಂಕ್‌ಫರ್ಟ್‌ಗೆ, ಲುಫ್ತಾನ್ಸದಲ್ಲಿ. ಅದೂ ಏರ್ ಇಂಡಿಯಾವೂ 'ಸ್ಟಾರ್ ಅಲಯನ್ಸ್' ಕೂಟದವು. ಹಾಗಾಗಿ ಆ ಕೂಟದ್ದೇ ಒಂದಕ್ಕೆ ಸೇರಿದೆ. ಒಂದೇ ಕಂಪನಿಯನ್ನು ನೆಚ್ಚಿಕೊಳ್ಳೋ ಬದಲು ಹಲವು ವಿಮಾನಗಳಲ್ಲಿ ಖರ್ಚು ಮಾಡಬಹುದು. ಮೈಲು ಕೂಡಿದ ತಕ್ಷಣ ಬಳಸಿಬಿಡೋದು ಅಂತಲೂ ತೀರ್ಮಾನಿಸಿದ್ದೇನೆ. ಮೊದಲ ಟಿಕೆಟ್ ಅಮ್ಮನಿಗೆ. ಅವಳಿನ್ನೂ ವಿಮಾನ ಹತ್ತಿಲ್ಲ.

ನಿಮ್ಮ ಹಳೇ ಪರ್ಸಿನಲ್ಲೂ ಇಂಥ ಕಾರ್ಡೊಂದು ಉಳಿದುಕೊಂಡಿದೆಯಾ? ಒಮ್ಮೆ ತೆಗೆದು ನೋಡಿ...